ಮರಳಿನಡಿಯ ಗಡಿಕಲ್ಲುಗಳು

ನಮ್ಮ ಕಚೇರಿ ಸ್ಟ್ರಾಟ್‌ಫರ್ಡ್‌ನಲ್ಲಿ ಹಲ್ಲಿನ ಡಾಕ್ಟರರೊಬ್ಬರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿದೆ. ಎರಡು ಕೋಣೆ, ಒಂದು ಕೆಟಲ್, ಗೋಡೆಯ ತುಂಬ ನಕ್ಷೆಗಳು. ಕೆಳಗಿನಿಂದ ಆಗಾಗ ಡ್ರಿಲ್ಲಿನ ಸದ್ದು ಬರುತ್ತದೆ. ಮೊದಮೊದಲು ಅದನ್ನು ಕೇಳಿ ನನ್ನ ದವಡೆಯೂ ಜುಮ್ಮೆನ್ನುತ್ತಿತ್ತು, ಈಗ ಕಿವಿಗೆ ಬೀಳುವುದೇ ಇಲ್ಲ. ಮರುಭೂಮಿಯ ಸೀಮೆಗಳಲ್ಲಿ ಯಾರೊಬ್ಬರ ಸ್ವಂತದ್ದೂ ಅಲ್ಲದ, ಊರಿಗೆಲ್ಲ ಸೇರಿದ ಭೂಮಿ ಇರುತ್ತದಲ್ಲ, ಅದು ಕೈತಪ್ಪಿ ಹೋಗದಂತೆ ಅಲ್ಲಿನ ಜನರಿಗೆ ದಾಖಲೆ ಹುಡುಕಿಕೊಡುವುದು, ಅರ್ಜಿ ಬರೆದುಕೊಡುವುದು, ನಕ್ಷೆ ಮಾಡಿಕೊಡುವುದು ನಮ್ಮ ಸಂಸ್ಥೆಯ ಕೆಲಸ. ಲಾಭದ ಸಂಸ್ಥೆಯಲ್ಲ. ಇರುವವರು ಮೂವರೇ.

ನಾನಿಲ್ಲಿ ಸೇರಿದಾಗ ನನಗೆ ಐವತ್ತೊಂದು ವರ್ಷ. ಅದಕ್ಕೆ ಮೊದಲು ಬಹಳ ವರ್ಷ ಇಲ್ಫರ್ಡ್‌ನ ಒಂದು ಸೂಪರ್‌ಮಾರ್ಕೆಟ್ಟಿನ ಟಿಲ್ಲಿನಲ್ಲಿ, ಬಿಲ್ಲು ಮಾಡಿ ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ, ಕೂತಿದ್ದೆ. ಅದಕ್ಕೂ ಮೊದಲು, ಮದುವೆಯಾಗಿ ಲಂಡನ್ನಿಗೆ ಬರುವ ತನಕ, ವಿಜಾಪುರದ ಭೂಮಾಪನ ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಹಳೆಯ ನಕ್ಷೆಯ ಮೇಲೆ ತೆಳ್ಳಗಿನ ಟ್ರೇಸಿಂಗ್ ಬಟ್ಟೆ ಹಾಸಿ, ಕೆಳಗಿನ ಗೆರೆಗಳನ್ನು ಕರಿ ಶಾಯಿಯಲ್ಲಿ ನಕಲು ತೆಗೆಯುವ ಕೆಲಸ. ಕೈ ನಡುಗಿದರೆ ಯಾರದೋ ಹೊಲ ಒಂದಿಷ್ಟು ಸಣ್ಣದಾಗಿಬಿಡುತ್ತದೆ ಎಂದು ಉಸಿರು ಹಿಡಿದು ಗೆರೆ ಎಳೆಯುತ್ತಿದ್ದೆವು. ಆಮೇಲೆ ಕಂಪ್ಯೂಟರು ಬಂದವು, ಆ ಹುದ್ದೆಯೇ ಇಲ್ಲದಂತಾಯಿತು. ಲಂಡನ್ನಿನಲ್ಲಿ ನಾನು ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿದರೆ ಅದೇನೆಂದು ವಿವರಿಸಬೇಕಾಗುತ್ತಿತ್ತು.

ಈ ಸಂಸ್ಥೆಯವರು ವಾರಕ್ಕೆ ಮೂರು ದಿನ ಕಾಗದ ಸ್ಕ್ಯಾನ್ ಮಾಡಿ ಜೋಡಿಸಿಡಲು ಒಬ್ಬರು ಬೇಕೆಂದು ಲೈಬ್ರರಿಯಲ್ಲಿ ಚೀಟಿ ಅಂಟಿಸಿದ್ದರು. ಹಿಂದಿ ಬಂದರೆ ಒಳ್ಳೆಯದು ಎಂದೂ ಬರೆದಿತ್ತು. ನಾನು ಕೆಲಸ ಬದಲಿಸುತ್ತೇನೆಂದಾಗ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಗಂಡ ಚಹದ ಕಪ್ಪು ಕೆಳಗಿಟ್ಟು ನಕ್ಕರು.

"ಉಸುಕು ಕಾಯಾಕ ಲಂಡನ್ನಾಗ ಆಫೀಸ್ ತಗದಾರಂತ? ನೀ ಹೋಗಿ ಏನ್ ಮಾಡಾಕಿ ಅಲ್ಲಿ?"

"ಹೋಗಿ ನೋಡ್ತೀನ್ರಿ. ಟಿಲ್ಲಿನ್ಯಾಗ ಕುಂತು ಕುಂತು ಸಾಕಾಗೇತಿ," ಎಂದೆ.

ಸಂದರ್ಶನ ಮಾಡಿದವರು ನಿರ್ದೇಶಕಿ. ಎಪ್ಪತ್ತು ದಾಟಿದ ಇಂಗ್ಲಿಷ್ ಹೆಂಗಸು, ಭೂವಿಜ್ಞಾನಿ. ಹರೆಯದಲ್ಲಿ ಮೂರು ನಾಲ್ಕು ಮರುಭೂಮಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದವರು, ಈಗ ಮೊಣಕಾಲು ನೋವಿನಿಂದ ನಮ್ಮ ಮೆಟ್ಟಿಲು ಹತ್ತಲು ಐದು ನಿಮಿಷ ತೆಗೆದುಕೊಳ್ಳುತ್ತಾರೆ. ಮೂರನೆಯವನು ವಕೀಲ. ಮೂವತ್ತೈದರ ಆಸುಪಾಸು, ವೈಟ್‌ಚಾಪೆಲ್‌ನಲ್ಲೇ ಹುಟ್ಟಿ ಬೆಳೆದ ಬಂಗಾಳಿ ಮನೆತನದವನು. ಮಾತು ಕಡಿಮೆ, ಆಡಿದರೆ ನೇರ. ಮೊದಲ ವರ್ಷ ನಾನು ಸ್ಕ್ಯಾನ್ ಮಾಡಿದೆ, ಫೈಲಿಗೆ ಹೆಸರು ಬರೆದೆ, ಹಿಂದಿಯ ಕಾಗದಗಳನ್ನು ಇಂಗ್ಲಿಷಿಗೆ ಮಾಡಿಕೊಟ್ಟೆ. ಅಷ್ಟೇ.

ಎರಡನೆಯ ವರ್ಷದ ಚಳಿಗಾಲದಲ್ಲಿ ಥಾರ್ ಮರುಭೂಮಿಯ ಒಂದು ಹಳ್ಳಿಯಿಂದ ಕರೆ ಬಂತು. ಮೇಕೆ, ಕುರಿ, ಒಂಟೆ ಸಾಕುವ ಜನ. ಅವರ ಊರಿನ ಆಚೆ ದೊಡ್ಡದೊಂದು ಬಯಲಿದೆ; ಅದರಲ್ಲಿ ಬನ್ನಿಮರಗಳು, ನಡುವೆ ಮಳೆನೀರು ನಿಲ್ಲುವ ಒಂದು ಕೆರೆ. ತಲೆತಲಾಂತರದಿಂದ ಊರ ದನಕರು ಮೇಯುವ ಜಾಗ. ನಮ್ಮ ಕಡೆ ಗಾಯರಾಣ ಅನ್ನುತ್ತೇವಲ್ಲ, ಅಂಥದ್ದು. ಆದರೆ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಅದು 'ಪಾಳು' ಎಂದು ದಾಖಲಾಗಿಬಿಟ್ಟಿತ್ತು. ಪಾಳು ಭೂಮಿ ಎಂದ ಮೇಲೆ ಅದನ್ನು ಒಂದು ಸೌರವಿದ್ಯುತ್ ಕಂಪನಿಗೆ ಗುತ್ತಿಗೆ ಕೊಡಲು ನೋಟಿಸು ಬಂದಿತ್ತು. ಆಕ್ಷೇಪಣೆ ಸಲ್ಲಿಸಲು ಉಳಿದಿದ್ದು ಏಳು ವಾರ.

ವಿಡಿಯೋದಲ್ಲಿ ಮಾತಾಡಿದವಳು ಆ ಊರಿನ ಹಿರಿಯ ಹೆಂಗಸು. ತೋಳಿನವರೆಗೆ ಬಿಳಿ ಬಳೆ, ಮುಖದ ತುಂಬ ಸುಕ್ಕು, ದನಿ ಮಾತ್ರ ಗಟ್ಟಿ. ಫೋನು ಹಿಡಿದಿದ್ದವಳು ಅವಳ ಸೊಸೆ. ಅಜ್ಜಿಯ ಹಿಂದಿಯನ್ನು ನಾನು ನಿರ್ದೇಶಕಿಗೂ ವಕೀಲನಿಗೂ ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ.

"ಪಾಳು ಅಂತೆ! ನನ್ನ ಮೇಕೆಗಳನ್ನ ಕೇಳಿ, ಪಾಳು ಹೌದೋ ಅಲ್ಲವೋ ಅವೇ ಹೇಳ್ತಾವೆ," ಎಂದಳು ಅಜ್ಜಿ.

ವಕೀಲ ಪೆನ್ನು ತಿರುಗಿಸುತ್ತ ಕೂತಿದ್ದ. ಅವನಿಗೆ ಬೇರೆಯದೇ ಕಸಿವಿಸಿ. "ಬಿಸಿಲಿನಿಂದ ಕರೆಂಟ್ ಮಾಡೋದನ್ನ ತಡೆಯೋದು ನಮ್ಮ ಕೆಲಸವಾ? ನಾವೇ ಅದಕ್ಕೆ ಅಡ್ಡ ಬಂದರೆ ನಾಳೆ ಯಾರಿಗೆ ಮುಖ ತೋರಿಸೋದು?" ಎಂದ.

ಅವನ ಪ್ರಶ್ನೆಯನ್ನು ನಾನು ಹಾಗೆಯೇ ಅಜ್ಜಿಗೆ ದಾಟಿಸಿದೆ. ಅವಳಿಗೆ ಸಿಟ್ಟು ಬರಲಿಲ್ಲ. ಸೊಸೆಯ ಕೈಯಿಂದ ಫೋನು ಇಸಿದುಕೊಂಡು ಪಶ್ಚಿಮಕ್ಕೆ ತಿರುಗಿಸಿದಳು. ಪರದೆಯ ತುಂಬ ಬೆಳ್ಳಗೆ ಹೊಳೆಯುವ ಬಟಾಬಯಲು.

"ಅದು ಉಪ್ಪಿನ ನೆಲ. ಅಲ್ಲಿ ಹುಲ್ಲುಕಡ್ಡಿ ಹುಟ್ಟಲ್ಲ, ಹಕ್ಕಿ ಕೂರಲ್ಲ. ಬಿಸಿಲು ಮಾತ್ರ ಇಲ್ಲಿ ಬೀಳೋವಷ್ಟೇ ಅಲ್ಲೂ ಬೀಳುತ್ತೆ. ಗಾಜಿನ ಹಲಗೆ ಅಲ್ಲಿ ನಿಲ್ಲಿಸಲಿ, ನಾವೇ ಹೋಗಿ ಧೂಳು ಒರೆಸಿ ಬರ್ತೀವಿ."

ವಕೀಲ ಪೆನ್ನು ಕೆಳಗಿಟ್ಟ. "ಇದನ್ನೇ ಆಕ್ಷೇಪಣೆಯಲ್ಲಿ ಬರೆಯೋಣ," ಎಂದ. "ಆದರೆ ಆ ಬಯಲು ಊರಿಗೆ ಬಿಟ್ಟದ್ದು ಅನ್ನೋದಕ್ಕೆ ಪುರಾವೆ ಬೇಕು. ಮೇಕೆಗಳ ಸಾಕ್ಷಿ ನಡೆಯಲ್ಲ."

ನಮ್ಮ ಹತ್ತಿರ ಇದ್ದದ್ದು ಆ ಸೀಮೆಯ ಹಳೆಯ ಸರ್ವೆ ನಕ್ಷೆಯ ಕಪ್ಪುಬಿಳುಪು ಸ್ಕ್ಯಾನು, ಒಂದೇ. ಆ ಬಯಲಿನ ಜಾಗದಲ್ಲಿ ಬರೀ ಚುಕ್ಕಿಗಳು. ಚುಕ್ಕಿ ಎಂದರೆ ಮರಳು, ಮರಳು ಎಂದರೆ ಪಾಳು. ವಕೀಲನೂ ಹಾಗೇ ಓದಿದ್ದ, ಅಲ್ಲಿನ ಕಚೇರಿಯವರೂ ಹಾಗೇ ಓದಿದ್ದರು. ನಾನು ಅದನ್ನು ದೊಡ್ಡದು ಮಾಡಿ ಪರದೆಯ ಮೇಲೆ ನೋಡುತ್ತ ಕೂತೆ. ಎಷ್ಟೋ ವರ್ಷಗಳ ಮೇಲೆ ನನ್ನ ಬಲಗೈ ತನಗೆ ತಾನೇ ಮೇಜಿನ ಮೇಲೆ ಓಡತೊಡಗಿತು, ಆ ಚುಕ್ಕಿಗಳನ್ನು ನಕಲು ತೆಗೆಯುವಂತೆ. ಆಗ ತಿಳಿಯಿತು. ಎಲ್ಲ ಚುಕ್ಕಿಗೂ ಕೈ ಒಂದೇ ಥರ ಆಡುತ್ತಿಲ್ಲ. ಕೆಲವಕ್ಕೆ ಪುಟ್ಟದೊಂದು ಬಾಲವಿತ್ತು. ಬಾಲವಿದ್ದರೆ ಅದು ಮರಳಲ್ಲ, ಮರ; ಬಾಲ ಅದರ ನೆರಳು. ಬಾಲದ ಚುಕ್ಕಿಗಳೆಲ್ಲ ಒಂದು ಅಂಚಿನೊಳಗೇ ಇದ್ದವು.

"ಇಲ್ಲೊಂದು ಗಡಿ ಇದೆ," ಎಂದೆ. "ಸ್ಕ್ಯಾನಿನಲ್ಲಿ ಬಿದ್ದಿಲ್ಲ. ಮೂಲ ನಕ್ಷೆಯಲ್ಲಿ ಬಣ್ಣ ಇದ್ದೇ ಇರುತ್ತೆ."

ವಕೀಲ ಬಗ್ಗಿ ನೋಡಿದ. "ಅದು ಸ್ಕ್ಯಾನರಿನ ಕೊಳೆಯೂ ಇರಬಹುದು."

"ಕೊಳೆ ಹೀಗೆ ಎಲ್ಲಾ ಒಂದೇ ಕಡೆಗೆ ವಾಲಿಕೊಂಡು ಬೀಳಲ್ಲ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಆ ಕಚೇರಿಯಲ್ಲಿ ನಾನು ಯಾರಿಗೂ ಎದುರು ಹೇಳಿದ್ದು ಅದೇ ಮೊದಲು.

ನಿರ್ದೇಶಕಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನೀವು ಇದನ್ನೆಲ್ಲ ಎಲ್ಲಿ ಕಲಿತಿರಿ?"

ಆಗ ಹೇಳಿದೆ. ಟ್ರೇಸಿಂಗ್ ಬಟ್ಟೆ, ಶಾಯಿ, ಪಡಸಾಲೆಯಂಥ ಉದ್ದದ ಮೇಜು, ಎಲ್ಲವನ್ನೂ. ಅವರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡು ಕೇಳಿದರು. ಕೊನೆಗೆ, "ಒಂದು ವರ್ಷದಿಂದ ನಿಮ್ಮ ಕೈಲಿ ಸ್ಕ್ಯಾನ್ ಮಾಡಿಸ್ತಿದ್ದೀನಲ್ಲ, ನನಗೆ ಬುದ್ಧಿ ಇಲ್ಲ," ಎಂದರು.

ಮೂಲ ನಕ್ಷೆ ಲಂಡನ್ನಿನಲ್ಲೇ ಇತ್ತು. ಹಳೆಯ ಸರ್ಕಾರಿ ಕಾಗದಗಳನ್ನು ಕಾಪಾಡುವ ಒಂದು ದೊಡ್ಡ ಸಂಗ್ರಹದಲ್ಲಿ, ನಮ್ಮ ಕಚೇರಿಯಿಂದ ಟ್ಯೂಬ್ ರೈಲಿನಲ್ಲಿ ಅರ್ಧ ತಾಸಿನ ದಾರಿ. ಒಳಗೆ ಪೆನ್ನು ಒಯ್ಯುವಂತಿಲ್ಲ, ಪೆನ್ಸಿಲ್ ಮಾತ್ರ. ನಕ್ಷೆಯನ್ನು ಇಬ್ಬರು ಎತ್ತಿ ತಂದು ಮೇಜಿನ ಮೇಲೆ ಬಿಚ್ಚಿದರು, ನಾಲ್ಕು ಮೂಲೆಗೂ ಭಾರವಿಟ್ಟರು. ಮಂಕಾಗಿದ್ದರೂ ಕಣ್ಣಿಗೆ ಸ್ಪಷ್ಟ ಕಾಣುವ ಎಲೆಹಸಿರು ಬಣ್ಣ ಆ ಬಯಲಿನ ತುಂಬ ಹರಡಿತ್ತು. ಅಂಚಿಗೆ ಏಳು ಪುಟ್ಟ ಚೌಕಗಳು, ಒಂದೊಂದಕ್ಕೂ ಒಂದು ಅಂಕಿ. ಗಡಿಕಲ್ಲುಗಳು. ನನಗೆ ಕೂಗಬೇಕೆನ್ನಿಸಿತು. ಸುತ್ತ ಎಲ್ಲರೂ ತಲೆತಗ್ಗಿಸಿ ಓದುತ್ತಿದ್ದರು. ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡು ಸುಮ್ಮನೆ ಕೂತೆ.

ನಕ್ಷೆಯ ಅಂಚಿನಲ್ಲಿ ಅಳತೆ ಪುಸ್ತಕದ ಸಂಖ್ಯೆ ಬರೆದಿತ್ತು. ಅದನ್ನು ಹುಡುಕಿ ತರಿಸಲು ನಾಲ್ಕು ದಿನ ಹಿಡಿಯಿತು. ಸರ್ವೆ ಮಾಡಿದವರು ನೆಲದ ಮೇಲೆ ನಿಂತು ಬರೆದ ಪುಸ್ತಕವದು: ಊರ ಬಾವಿಯಿಂದ ಯಾವ ದಿಕ್ಕಿಗೆ ಅಳತೆಯ ಸರಪಳಿಯ ಎಷ್ಟು ಉದ್ದ ನಡೆದರೆ ಮೊದಲ ಕಲ್ಲು, ಅಲ್ಲಿಂದ ಎಷ್ಟು ನಡೆದರೆ ಎರಡನೆಯದು. ಈ ಸಲ ವಕೀಲನೂ ಜೊತೆಗೆ ಬಂದಿದ್ದ. ಪುಟ ತಿರುವಿ ಹುಬ್ಬು ಗಂಟಿಕ್ಕಿದ. "ಇದಕ್ಕೆ ತಲೆಬುಡ ಇಲ್ಲ."

"ಬುಡದಿಂದ ಓದಬೇಕು," ಎಂದೆ. "ಅಳತೆ ಪುಸ್ತಕ ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಅಳೆಯುವವನು ಮುಂದೆ ಮುಂದೆ ಹೋಗ್ತಾ ಇರ್ತಾನಲ್ಲ, ಪುಟವೂ ಹಾಗೇ."

ಅವನು ಕೆಳಗಿನ ಸಾಲಿನಿಂದ ಓದುತ್ತ ಬಂದ. ಮೇಲಿನ ಸಾಲು ಮುಟ್ಟಿದಾಗ ಅವನ ಬೆರಳು ನಿಂತಿತು. ಅಲ್ಲಿ, ಈ ಕಲ್ಲುಗಳ ಒಳಗಿನ ಭೂಮಿ ಊರ ದನಗಳಿಗೆ ಬಿಟ್ಟದ್ದು, ಉಳುವಂತಿಲ್ಲ ಎಂಬ ಅರ್ಥದ ಒಂದು ಸಾಲಿತ್ತು. ಅವನು ನನ್ನ ಕೈ ಕುಲುಕಿದ. ಮೇಲ್ವಿಚಾರಕಿ ನಮ್ಮನ್ನು ನೋಡಿ ತುಟಿಗೆ ಬೆರಳಿಟ್ಟಳು.

ಪುಸ್ತಕದಲ್ಲಿದ್ದರೆ ಸಾಲದು, ನೆಲದಲ್ಲೂ ಕಲ್ಲು ಸಿಕ್ಕರೆ ಯಾರೂ ಅಲ್ಲಗಳೆಯಲಾರರು ಎಂದ ವಕೀಲ. ನಾನು ಸರಪಳಿಗಳನ್ನು ಮೀಟರಿಗೆ ತಿರುಗಿಸಿದೆ, ದಿಕ್ಕು ಗುರುತಿಸಿದೆ, ಮೊದಲ ಕಲ್ಲಿನ ಜಾಗವನ್ನು ಅಜ್ಜಿಯ ಸೊಸೆಯ ಫೋನಿಗೆ ಕಳಿಸಿದೆ. ಬೆಳಿಗ್ಗೆ ಏಳಕ್ಕೆ ಮೂವರೂ ಕಚೇರಿಯಲ್ಲಿ ಸೇರಿದೆವು, ಅಲ್ಲಿ ಮಧ್ಯಾಹ್ನವಾಗಿತ್ತು. ಎಂಟು ಹೆಂಗಸರು ಸಲಿಕೆ ಹಿಡಿದು ನಿಂತಿದ್ದರು. ಅಗೆದರು. ಮೊಣಕಾಲುದ್ದ ಅಗೆದರು, ಸೊಂಟದುದ್ದ ಅಗೆದರು, ಅಗಲ ಮಾಡಿದರು. ಮರಳು, ಮತ್ತೆ ಮರಳು. ಎರಡು ತಾಸಿನ ಮೇಲೆ ಅಜ್ಜಿ ಗುಂಡಿಯ ಅಂಚಿನಲ್ಲಿ ಕೂತು ಬೆವರು ಒರೆಸಿಕೊಂಡಳು.

"ಮಗಳೇ, ಇಲ್ಲಿ ಏನೂ ಇಲ್ಲ," ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವತ್ತು ಕಚೇರಿಯಲ್ಲಿ ಯಾರೂ ನನ್ನನ್ನು ಏನೂ ಅನ್ನಲಿಲ್ಲ. ನಿರ್ದೇಶಕಿ ತಾವೇ ಚಹಾ ಮಾಡಿ ತಂದಿಟ್ಟರು. ಎಂಟು ಜನ ಹೆಂಗಸರ ಒಂದು ದಿನದ ದುಡಿಮೆಯನ್ನು ನನ್ನ ಲೆಕ್ಕ ನುಂಗಿತ್ತು. ಸಂಜೆ ಮನೆಗೆ ಬಂದು ಉಳ್ಳಾಗಡ್ಡಿ ಹೆಚ್ಚಲು ಕೂತೆ, ಅಳುವುದಕ್ಕೆ ಅದೊಂದು ನೆಪವಾಯಿತು. ಗಂಡ ಬಂದು ಎದುರಿನ ಕುರ್ಚಿಯಲ್ಲಿ ಕೂತರು.

"ಯಾಕ, ಏನಾತು?"

ಎಲ್ಲ ಹೇಳಿದೆ. ಅವರು ಲ್ಯಾಬಿನ ಮನುಷ್ಯ. ಸಮಾಧಾನ ಹೇಳುವುದು ಅವರಿಗೆ ಬರುವುದಿಲ್ಲ, ತಪ್ಪು ಹುಡುಕುವುದು ಬರುತ್ತದೆ. "ರಿಸಲ್ಟ್ ತಪ್ಪು ಬಂತಂದ್ರ ನಾವು ಮೊದ್ಲು ಮಷಿನ್ ಚೆಕ್ ಮಾಡ್ತೀವಿ," ಎಂದರು. "ನಿನ್ನ ಲೆಕ್ಕ ಇರ್ಲಿ. ಆ ಹಳೇ ಸರ್ವೆದವ್ರು ಅಳದಿದ್ದು ಯಾತರ್ಲೆ? ಆ ಮಷಿನ್ ಸರಿ ಇತ್ತೇನು?"

ಈಳಿಗೆ ಹಾಗೆಯೇ ಬಿಟ್ಟೆ. ವಿಜಾಪುರದ ಕಚೇರಿಯಲ್ಲಿ ನಮಗೆ ಕೆಲಸ ಕಲಿಸಿದ ಒಬ್ಬ ಹಿರಿಯ ಸರ್ವೆಯರ್ ಇದ್ದರು. ದಿಕ್ಸೂಚಿಯನ್ನು ಅಂಗೈಯಲ್ಲಿಟ್ಟು ಅವರು ಹೇಳುತ್ತಿದ್ದದ್ದು ಕಿವಿಯಲ್ಲಿ ಹೇಳಿದಂತೆ ಬಂತು: "ನೋಡ್ ತಂಗಿ, ಈ ಸೂಜಿ ಉತ್ತರಕ್ಕ ನಿಲ್ತೈತಿ ಅಂತಾರ. ಖರೇ ಉತ್ತರಕ್ಕ ಅಲ್ಲ, ಒಂಚೂರು ಬಾಜೂಕ. ಆ ಒಂಚೂರು ಸುದ್ದಾ ವರ್ಷಾ ವರ್ಷಾ ಬದ್ಲಿ ಆಗ್ತೈತಿ." ಅಳತೆ ಪುಸ್ತಕದ ದಿಕ್ಕುಗಳೆಲ್ಲ ಆ ಕಾಲದ ಸೂಜಿಯವು. ನಾನು ಅವನ್ನು ನಿಜವಾದ ಉತ್ತರದಿಂದ ಎಣಿಸಿದ್ದೆ.

ನನ್ನ ಟಿಪ್ಪಣಿ ಪುಸ್ತಕ ತೆಗೆದೆ. ಮೂಲ ನಕ್ಷೆಯ ಅಂಚಿನಲ್ಲಿದ್ದದ್ದನ್ನೆಲ್ಲ ಹಳೆಯ ರೂಢಿಯಂತೆ ಒಂದಕ್ಷರ ಬಿಡದೆ ಇಳಿಸಿಕೊಂಡಿದ್ದೆ. ಸರ್ವೆ ಮಾಡಿದ ವರ್ಷ ಸೂಜಿ ಎಷ್ಟು ವಾಲಿತ್ತೆಂಬುದು ಕೆಳಗಿನ ಮೂಲೆಯಲ್ಲಿತ್ತು: ಎರಡು ಡಿಗ್ರಿಗೆ ತುಸು ಕಡಿಮೆ. ಕಾಗದದ ಮೇಲೆ ಅದು ಕೂದಲೆಳೆ. ಒಂದೂವರೆ ಮೈಲಿ ನಡೆದ ಮೇಲೆ ಅದೇ ಒಂದು ಬೀದಿಯುದ್ದದ ವ್ಯತ್ಯಾಸ.

ನಿರ್ದೇಶಕಿಗೆ ಫೋನು ಮಾಡಿದೆ. ಕೇಳಿ ಜೋರಾಗಿ ನಕ್ಕರು. "ನಾನು ಭೂವಿಜ್ಞಾನಿ ಅಂತ ಹೇಳ್ಕೊಂಡು ತಿರುಗ್ತೀನಿ! ಇದನ್ನ ನಾನು ಕೇಳಬೇಕಿತ್ತು, ನೀವಲ್ಲ." ಇಬ್ಬರೂ ಫೋನಿನಲ್ಲೇ ಲೆಕ್ಕ ಹಾಕಿದೆವು, ಬೇರೆ ಬೇರೆಯಾಗಿ, ಆಮೇಲೆ ಹೋಲಿಸಿ ನೋಡಿದೆವು. ಎರಡೂ ಒಂದೇ.

ಮರುದಿನ ಅಜ್ಜಿಗೆ ನನ್ನ ತಪ್ಪು ಹೇಳಿದೆ, ಆದರೆ ಮತ್ತೆ ಅಗೆಯಿರಿ ಎಂದು ಕೇಳಲು ನನಗೆ ನಾಲಿಗೆ ಬರಲಿಲ್ಲ. ಅಜ್ಜಿಯೇ ಕೇಳಿದಳು, "ಎಲ್ಲಿ ಅಗೆಯಬೇಕು, ಹೇಳು." ಸೊಸೆ ಫೋನು ಹಿಡಿದು ಹೊಸ ಜಾಗಕ್ಕೆ ನಡೆದಳು. ಮೊಳದುದ್ದವೂ ಅಗೆದಿರಲಿಲ್ಲ, ಸಲಿಕೆ ಠಣ್ ಎಂದಿತು. ಆ ಸದ್ದು ಸ್ಟ್ರಾಟ್‌ಫರ್ಡ್‌ನ ನಮ್ಮ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಹೆಂಗಸರು ಸಲಿಕೆ ಬಿಸಾಕಿ ಕೈಯಿಂದಲೇ ಮರಳು ಬಾಚತೊಡಗಿದರು. ಅಜ್ಜಿ ತನ್ನ ಸೆರಗಿನಿಂದ ಕಲ್ಲಿನ ತಲೆ ಒರೆಸಿದಳು, ಮೇಲೆ ಕುಡಿಯುವ ನೀರು ಸುರಿದಳು. ಉಳಿಯಿಂದ ಕೊರೆದ ಒಂದು ಎಂಬ ಅಂಕಿ ಎದ್ದು ಬಂತು.

ಎಲ್ಲರೂ ಏಕಕಾಲಕ್ಕೆ ಕೂಗಾಡಿದೆವು, ಅಲ್ಲಿಯವರೂ ಇಲ್ಲಿಯವರೂ. ವಕೀಲ ಕುರ್ಚಿಯ ಮೇಲೆ ಹತ್ತಿ ನಿಂತುಬಿಟ್ಟಿದ್ದ. ಕೆಳಗಿನ ಹಲ್ಲಿನ ಡಾಕ್ಟರು ಏನಾಯಿತೆಂದು ಮೇಲೆ ಬಂದರು, ಬಾಯಿಗೆ ಮಾಸ್ಕು ಹಾಗೇ ಇತ್ತು. "ಕಲ್ಲು ಸಿಕ್ಕಿತು!" ಎಂದೆ ನಾನು. ಪಾಪ, ಅವರು ಅದನ್ನು ಮೂತ್ರಪಿಂಡದ ಕಲ್ಲೆಂದುಕೊಂಡರೋ ಏನೋ, "ಈಗ ನೋವು ಹೇಗಿದೆ?" ಎಂದರು.

ಮುಂದಿನ ವಾರದಲ್ಲಿ ಮತ್ತೆ ನಾಲ್ಕು ಕಲ್ಲು ಸಿಕ್ಕವು. ಒಂದು ಸಿಗಲೇ ಇಲ್ಲ. ಇನ್ನೊಂದರ ಜಾಗದಲ್ಲಿ ಬರೀ ಗುಳಿಯಿತ್ತು; ಕಲ್ಲು ಎಲ್ಲಿ ಹೋಯಿತೆಂದು ಊರೆಲ್ಲ ಹುಡುಕಿದರೆ ಅದು ಅಜ್ಜಿಯ ಮನೆಯ ಹಿತ್ತಲಲ್ಲೇ ಕವುಚಿ ಬಿದ್ದಿತ್ತು. ಮಗುಚಿ ನೋಡಿದಾಗ ಹೊಟ್ಟೆಯ ಮೇಲೆ ಆರು ಎಂಬ ಅಂಕಿ. ಅವಳ ಅತ್ತೆಯ ಕಾಲದಿಂದ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರಂತೆ. ಅಜ್ಜಿ ನಕ್ಕೂ ನಕ್ಕೂ ಕೆಮ್ಮಿದಳು. "ಸಾಕ್ಷಿಯನ್ನ ಇಷ್ಟು ಸ್ವಚ್ಛವಾಗಿ ಯಾರು ಇಟ್ಟಿರ್ತಾರೆ, ನಿಮ್ಮ ವಕೀಲನನ್ನ ಕೇಳು," ಎಂದಳು.

ವಕೀಲ ಆಕ್ಷೇಪಣೆ ಬರೆದ. ಬರೆದದ್ದನ್ನು ನಾನು ಹಿಂದಿಗೆ ತಂದೆ. ಗಡುವಿಗೆ ಆರು ದಿನ ಇರುವಾಗಲೇ ಅದು ಅಲ್ಲಿನ ಕಚೇರಿ ಸೇರಿತು. ಜಂಟಿ ಅಳತೆಗೆ ಆದೇಶವಾಯಿತು. ಅಳೆಯಲು ಬಂದ ಸರ್ಕಾರಿ ಸರ್ವೆಯರ್ ಉಪಗ್ರಹದ ಯಂತ್ರ ಹಿಡಿದುಕೊಂಡು ಕಲ್ಲಿಂದ ಕಲ್ಲಿಗೆ ಬಿಸಿಲಲ್ಲಿ ನಡೆದ. ನೆಲದಲ್ಲಿ ಸಿಕ್ಕ ಐದೂ ಕಲ್ಲು ಪುಸ್ತಕದ ಲೆಕ್ಕಕ್ಕೆ ಕೂಡಿಬಂದವು. ಅವನು ಸೊಸೆಯ ಫೋನಿನಲ್ಲಿ ನನ್ನೊಡನೆ ಮಾತಾಡಿ, "ಸೂಜಿಯ ವಾಲಿಕೆ ಕಳೆದದ್ದು ಯಾರು ಮೇಡಂ?" ಎಂದು ಕೇಳಿದ. "ನಾನೇ. ನಾನು ಟ್ರೇಸರ್," ಎಂದೆ. ಎಷ್ಟು ವರ್ಷಗಳ ಮೇಲೆ ಆ ಮಾತನ್ನು ವರ್ತಮಾನ ಕಾಲದಲ್ಲಿ ಹೇಳಿದ್ದೆನೋ.

ಆದೇಶ ಬಂದದ್ದು ಬೇಸಿಗೆಯ ಒಂದು ಮಂಗಳವಾರ. ಹಿಂದಿಯಲ್ಲಿ ನಾಲ್ಕು ಪುಟ. ನಿರ್ದೇಶಕಿ ಬಾಗಿಲು ಹಾಕಿದರು, ವಕೀಲ ಫೋನು ಆರಿಸಿದ. ನಾನು ನಿಂತುಕೊಂಡು ಓದಿ ಹೇಳುತ್ತ ಹೋದೆ. ಮೊದಲ ಮೂರು ಪುಟ ಬರೀ ಪೀಠಿಕೆ. ನಾಲ್ಕನೆಯದರಲ್ಲಿತ್ತು: 'ಪಾಳು' ಎಂಬ ನಮೂದನ್ನು ತೆಗೆದುಹಾಕಿ ಊರ ಸಾರ್ವಜನಿಕ ಗೋಮಾಳವೆಂದು ದಾಖಲಿಸತಕ್ಕದ್ದು, ಗುತ್ತಿಗೆಯ ಪ್ರಸ್ತಾವ ಕೈಬಿಡಲಾಗಿದೆ, ವಿದ್ಯುತ್ ಯೋಜನೆಗೆ ಪಶ್ಚಿಮದ ಉಪ್ಪುನೆಲವನ್ನು ಪರಿಗಣಿಸಲು ಕಂಪನಿ ಒಪ್ಪಿದೆ. ಕೊನೆಯ ಸಾಲನ್ನು ಎರಡು ಸಲ ಓದಿದೆ. ನಿರ್ದೇಶಕಿ ಎದ್ದು ಬಂದು, ಮೊಣಕಾಲು ನೋವನ್ನು ಮರೆತು, ನನ್ನನ್ನು ಎತ್ತಿಯೇಬಿಡುವಂತೆ ಅಪ್ಪಿಕೊಂಡರು. ವಕೀಲ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ನಕ್ಷೆ ನೋಡಿದ.

ಗಂಡನಿಗೆ ಫೋನು ಮಾಡಿ ಒಂದೇ ಮಾತು ಹೇಳಿದೆ: "ಗೆದ್ವಿರಿ."

ಆ ಕಡೆಯಿಂದ ಅವರು ಇಡೀ ಲ್ಯಾಬಿಗೆ ಕೇಳುವಂತೆ ಕನ್ನಡದಲ್ಲೇ ಕೂಗಿದ್ದು ನನಗೆ ಕೇಳಿಸಿತು: "ನನ್ನ ಹೇಣ್ತಿ ಗೆದ್ದಾಳ್ರೋ!"

ಆ ಶನಿವಾರ ಎಲ್ಲರನ್ನೂ ಇಲ್ಫರ್ಡ್‌ನ ಮನೆಗೆ ಊಟಕ್ಕೆ ಕರೆದೆ. ಮಗಳು ವೆಂಬ್ಲಿಗೆ ಹೋಗಿ ಈಲಿಂಗ್ ರೋಡಿನ ಅಂಗಡಿಯಿಂದ ಜೋಳದ ಹಿಟ್ಟು, ಸಣ್ಣ ಬದನೆಕಾಯಿ ತಂದಳು. ಗಂಡ ಶೇಂಗಾ ಹುರಿದರು. ನಾನು ರೊಟ್ಟಿ ಬಡಿಯುತ್ತಿದ್ದರೆ ನಿರ್ದೇಶಕಿ ಅಡುಗೆಮನೆಯಲ್ಲೇ ಕುರ್ಚಿ ಹಾಕಿಕೊಂಡು ನೋಡುತ್ತ ಕೂತರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಚಟ್ನಿಪುಡಿ. ವಕೀಲ ಐದು ರೊಟ್ಟಿ ತಿಂದ. ಮಗಳು ಅವನ ತಟ್ಟೆಗೆ ಆರನೆಯದನ್ನು ಹಾಕುತ್ತ, "ಮೈ ಮಮ್ ಫೌಂಡ್ ಎ ಸ್ಟೋನ್ ಫ್ರಮ್ ಫೋರ್ ಥೌಸಂಡ್ ಮೈಲ್ಸ್ ಅವೇ," ಎಂದು ಎಷ್ಟನೆಯ ಸಲವೋ ಹೇಳಿದಳು.

ಊಟದ ನಡುವೆ ಅಜ್ಜಿಯ ಕರೆ ಬಂತು. ಫೋನನ್ನು ನೀರಿನ ತಂಬಿಗೆಗೆ ಒರಗಿಸಿ ಮೇಜಿನ ನಡುವೆ ನಿಲ್ಲಿಸಿದೆವು. ಅಲ್ಲಿ ಮೊದಲ ಮಳೆ ಬಿದ್ದಿತ್ತು. ಅವಳ ಹಿಂದೆ ಕೆರೆಯಲ್ಲಿ ನೀರು ಮಿಂಚುತ್ತಿತ್ತು, ಮರಗಳ ಕೆಳಗೆ ಮೇಕೆಗಳು. ಅವಳಿಗೆ ಅದೆಲ್ಲ ತೋರಿಸುವುದಕ್ಕಿಂತ ನಮ್ಮ ತಟ್ಟೆ ನೋಡುವುದೇ ಮುಖ್ಯವಾಗಿತ್ತು.

"ಅದೇನು ತಿಂತಿದ್ದೀರಿ? ಲಂಡನ್ನಿನಲ್ಲೂ ರೊಟ್ಟಿಯಾ?"

"ಜೋಳದ್ದು. ನಮ್ಮೂರ ಕಡೆಯದು."

ಅವಳು ಫೋನಿಗೆ ಕಣ್ಣು ಹತ್ತಿರ ತಂದಳು. "ನಮ್ಮದು ಸಜ್ಜೆಯದು, ಬಡಿಯೋದು ಹೀಗೇ. ನಿಮ್ಮೂರಲ್ಲೂ ಮಳೆ ಕಡಿಮೆಯಾ?"

"ಕಡಿಮೆಯೇ."

"ಮತ್ತೆ ಅಲ್ಲಿ ದನ ಮೇಯೋ ಬಯಲಿಗೆ ಏನಂತೀರಿ?"

"ಗಾಯರಾಣ."

ಅವಳು ಆ ಪದವನ್ನು ಎರಡು ಸಲ ನಿಧಾನವಾಗಿ ಹೇಳಿಕೊಂಡಳು, ಸೊಸೆಗೂ ಹೇಳಿಕೊಟ್ಟಳು. ಆಮೇಲೆ ಮೇಕೆಗಳ ಕಡೆ ತಿರುಗಿ ಅವಕ್ಕೂ ಕೇಳುವಂತೆ ಜೋರಾಗಿ ಕೂಗಿದಳು. ನಮ್ಮ ಮೇಜಿನ ಸುತ್ತ ಕೂತವರೆಲ್ಲ ಆ ಪದವನ್ನು ತಮಗೆ ಬಂದ ಹಾಗೆ ಕೂಗಿದರು, ವಕೀಲ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ತಪ್ಪಾಗಿ.